ಬಂಡೆಪ್ಪನ ಗುಮಾನಿ

ಚಳವಳಿಗಳಲ್ಲಿ ಪೊಲೀಸರ ಗುಮಾನಿ ಬೇಕಾದಷ್ಟು ಕಂಡವನು ನಾನು. ಆಟೋ ನಗರದ ಬಂಡೆಪ್ಪನ ಮುಂದೆ ಅದು ಮಕ್ಕಳಾಟ. ಕನ್ನಡದಲ್ಲಿ ಬರೆದ ಆದೇಶಗಳನ್ನು ಸಾಲುಸಾಲಾಗಿ ಓದಿ ಲೋಹ ಕಡೆಯುವ ಲೇಥ್ ಯಂತ್ರ ಓಡಿಸುವ ಇಂಟರ್‌ಪ್ರಿಟರ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಈತ ಬರೆದಿದ್ದಾನೆ. ಅದಕ್ಕೆ ಹೊರಗಿನಿಂದ ಸೇರಿಸುವ ನೇಟಿವ್ ಲೈಬ್ರರಿಗಳು, ಅಂದರೆ ಬೇರೆಯವರು ಬರೆದ ಸಿದ್ಧ ಪ್ರೋಗ್ರಾಂ ಕಟ್ಟುಗಳು, ಯಂತ್ರದ ಭಾಷೆಯಲ್ಲಿರುತ್ತವೆ, ಹೆಸರು ಬಿಟ್ಟರೆ ಒಳಗೇನಿದೆಯೆಂದು ಓದಲು ಬರುವುದಿಲ್ಲ. ಬಂಡೆಪ್ಪನ ಪಾಲಿಗೆ ಅವೆಲ್ಲ ಮುಸುಕು ಹಾಕಿಕೊಂಡು ಬಂದ ಬೀಗರು. ಅವುಗಳಲ್ಲಿ ಒಂದೊಂದು ಕೆಲಸ ಮಾಡುವ ಪ್ರತಿ ಫಂಕ್ಷನ್ನೂ ತನ್ನ ಹೆಸರಿನ ಮುಂದೆ ಲೈಬ್ರರಿಯ ಹೆಸರು ಹೊತ್ತೇ ಒಳಗೆ ಬರಬೇಕು. ಇಂಥ ಲೈಬ್ರರಿ ಬರೆದುಕೊಡುವ ಖಾನಾಪುರದ ಸಪ್ನಾ ಕಳಿಸಿದ್ದರಲ್ಲಿ ಒಂದು ಫಂಕ್ಷನ್ನಿನ ಹೆಸರು ಬರೀ ‘ತಿರುಗಿಸು’ ಎಂದಿತ್ತು. ಫೋನಿನಲ್ಲೇ ಹಿಡಿದ: “ಇದು ಯಾವೂರಿಂದವಾ ತಂಗಿ? ನಿಮ್ಮ ಕಡೆ ಮಂದಿ ಅಡ್ಡಹೆಸರಿನ್ಯಾಗ ಊರು ಹಚ್ಕೋತಾರ, ಹಲಸಿಕರ, ನಂದಗಡಕರ ಅಂತ. ಇದಕ್ಯಾಕ ಹಚ್ಚಿಲ್ಲ?” “ಹಚ್ತೀನ್ರಿ ಅಣ್ಣಾ, ರೇಶನ್ ಕಾರ್ಡೂ ಜೋಡಸ್ಲೇನ್ರಿ?” ಎಂದಳು ಆಕೆ. ಈತ ನಗಲಿಲ್ಲ. ಹೋದ ವರ್ಷ ಈತನೇ ಅವಸರದಲ್ಲಿ ಸೇರಿಸಿದ ಒಂದು ಲೈಬ್ರರಿಯಲ್ಲೂ ‘ನಿಲ್ಲಿಸು’ ಎಂಬ ಫಂಕ್ಷನ್ ಇತ್ತು. ಅದು ಈತ ಬರೆದ ‘ನಿಲ್ಲಿಸು’ವನ್ನು ತಳ್ಳಿ ಅದರ ಜಾಗದಲ್ಲಿ ಕೂತಿತು. ಲೇಥ್ ನಿಲ್ಲಲಿಲ್ಲ; ಅದನ್ನು ಓಡಿಸುತ್ತಿದ್ದ ಯಲ್ಲೇಶನ ಎರಡು ಬೆರಳು ಹೋದವು. ಈಗ ಹೊಸ ಲೈಬ್ರರಿ ಸೇರಿಸಿದಾಗಲೆಲ್ಲ ಬಂಡೆಪ್ಪ ತಾನೇ ಲೇಥಿನ ಮುಂದೆ ನಿಂತು, ಓಡಿಸಿ ಓಡಿಸಿ, ನಿಲ್ಲಿಸುವ ಗುಂಡಿಯನ್ನು ಇಪ್ಪತ್ತು ಸಲ ಒತ್ತುತ್ತಾನೆ. “ಸಾಕ್ರೀ ಕಾಕಾ, ನನಗ ನಂಬಿಗಿ ಐತಿ,” ಎನ್ನುತ್ತಾನೆ ಯಲ್ಲೇಶ. “ನನಗಿಲ್ಲಲೇ. ಬರದಾಂವ ನಾನ ಅದೀನಿ,” ಎಂದು ಬಂಡೆಪ್ಪ ಇಪ್ಪತ್ತೊಂದನೆಯ ಸಲ ಒತ್ತುತ್ತಾನೆ.