ಬೆರಳಿಗೆ ಸುತ್ತಿದ ಕರವಸ್ತ್ರ

ಶಿಡ್ಲಘಟ್ಟದ ನಮ್ಮ ಬೀದಿಯ ವಾಚನಾಲಯ ನೋಡಿಕೊಳ್ಳುವ ಚೆನ್ನರಾಯಪ್ಪನವರು, ಪುಸ್ತಕಗಳನ್ನು ಓದುಗರಿಂದ ಕಾಪಾಡುವುದೇ ತಮ್ಮ ಕೆಲಸವೆಂದು ತಿಳಿದಿದ್ದಾರೆ. ಹಾಳೆ ಹಾರುತ್ತದೆಂದು ಫ್ಯಾನು ಹಾಕುವುದಿಲ್ಲ, ರಟ್ಟು ಮಾಸುತ್ತದೆಂದು ಕಿಟಕಿ ತೆಗೆಯುವುದಿಲ್ಲ; ತಾವೂ ಬೆರಳಿಗೆ ಕರವಸ್ತ್ರ ಸುತ್ತಿಕೊಂಡೇ ಪುಸ್ತಕ ಮುಟ್ಟುತ್ತಾರೆ. ಬೀಗ ಹಾಕಿದ ಗಾಜಿನ ಬೀರುವಿನಲ್ಲಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ ಅಗೆದಾಗ ಸಿಕ್ಕ ಪಾಂಪೆ ಎಂಬ ರೋಮನ್ ಊರಿನ ಚಿತ್ರಪುಸ್ತಕವಿದೆ. ರಟ್ಟಿನ ಮೇಲೆ ರಾಜನಿಲ್ಲ. ತೊಟ್ಟಿಯಲ್ಲಿ ನಿಂತು ಬಟ್ಟೆ ತುಳಿದು ಒಗೆಯುವ ಕೆಲಸಗಾರರಿದ್ದಾರೆ. ಅವರು ಏನು ತಿನ್ನುತ್ತಿದ್ದರು, ಎಲ್ಲಿ ಮಲಗುತ್ತಿದ್ದರು ಎಂದು ನೋಡುವ ಆಸೆ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಮುನಿಲಕ್ಷ್ಮಿಗೆ. ಕೇಳಿದಾಗಲೆಲ್ಲ ಚೆನ್ನರಾಯಪ್ಪನವರದು ಒಂದೇ ಮಾತು: "ಕೈ ತೋರ್ಸಮ್ಮ. ಗೂಡಿನ ವಾಸ್ನೆ ಹಾಳೆಗೆ ಹತ್ತಿದ್ರೆ ಹೋಗಲ್ಲ." "ಸೋಪ್ ಹಾಕಿ ತೊಳ್ಕೊಂಡ್ ಬಂದಿದೀನಿ ಸಾರ್. ರಟ್ಟಿನ ಮೇಲಿರೋರೂ ನೀರಲ್ಲೇ ನಿಂತವ್ರಲ್ಲ, ಅವರನ್ನ ಹೆಂಗೆ ಒಳಗೆ ಬಿಟ್ರಿ?" ಎಂದು ಅವಳು ಕೇಳಿದರೂ ಬೀಗ ತೆಗೆಯುವುದಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷ ಅಧಿಕಾರಿಯೊಬ್ಬರು ಬಂದಾಗ ಮಾತ್ರ ಬೀಗ ಸಲೀಸಾಗಿ ತೆರೆಯಿತು. ನುಣುಪು ಹಾಳೆ ಬಟ್ಟೆಗೆ ಸಿಗದೆ ಜಾರುತ್ತಿತ್ತು. ಚೆನ್ನರಾಯಪ್ಪನವರು ಕರವಸ್ತ್ರ ಬಿಚ್ಚಿ, ಸುಟ್ಟು ಕಪ್ಪಾದ ರೊಟ್ಟಿಯ ಪುಟ ತಿರುವಿದರು. ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಸವೆದಿದ್ದವು. ಬಾಗಿಲಲ್ಲಿದ್ದ ಮುನಿಲಕ್ಷ್ಮಿ ಮೆಲ್ಲಗೆ ಕೇಳಿದಳು: "ಯಾವ ನೂಲಿನ ಷೆಡ್ಡಲ್ಲಿದ್ರಿ ಸಾರ್?" ಅವರು ಕರವಸ್ತ್ರ ಸುತ್ತಿಕೊಂಡು ಬೀರುವಿಗೆ ಬೀಗ ಹಾಕಿದರು. ಅಲ್ಲೇ ಪತ್ರಿಕೆ ಓದುತ್ತಿದ್ದ ನನಗೆ ಕನಿಕರ ಹುಟ್ಟಬೇಕಿತ್ತು, ಸಿಟ್ಟು ಇಮ್ಮಡಿಯಾಯಿತು. ಅವರ ಬರಿಬೆರಳು ತಿರುವಿದ ಆ ಪುಟಕ್ಕೆ ಯಾವ ವಾಸನೆಯೂ ಹತ್ತಿರಲಿಲ್ಲ.