ಬೈಂಡಿಂಗ್ ಅಮ್ಮನ ಗೋಡೆಯ ಮೇಲಿನ ಡಬ್ಬಿ

ನನ್ನ ಗುರುತಿನ ಚೀಟಿಯಲ್ಲಿ ‘ನೆಟ್‌ವರ್ಕ್ ಎಕ್ಸಿಕ್ಯುಟಿವ್’ ಎಂದಿದೆ. ಏಣಿಗೆ ತಾನೇ ನಡೆದು ಹೋಗಲು ಬರುತ್ತಿದ್ದರೆ ಇಂಟರ್ನೆಟ್ ಕಂಪನಿ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಮ್ಯಾನೇಜರ್ ನನ್ನನ್ನು ಬೈಂಡಿಂಗ್ ಅಮ್ಮನ ಮನೆಗೆ ಕಳಿಸಿದ್ದು ರಿಪೇರಿಗಲ್ಲ, ಕಂಪನಿಯ ಪರವಾಗಿ ಬೈಸಿಕೊಳ್ಳುವುದಕ್ಕೆ.

ಎದುರಿಗೆ ಬೈಂಡಿಂಗ್ ಅಮ್ಮ ಎನ್ನುವ ಬೀದಿಯವರು ಬೆನ್ನ ಹಿಂದೆ ಸೂಜಿಬಾಯಿ ಎನ್ನುತ್ತಾರೆ. ಗಂಡ ಸತ್ತ ಮೇಲೆ ಅವನ ಪುಸ್ತಕ ಕಟ್ಟುವ ಕೆಲಸವನ್ನು ಮುಂದಿನ ಕೋಣೆಯಲ್ಲಿ ಒಬ್ಬಳೇ ನಡೆಸಿಕೊಂಡು ಬಂದವಳು. ಮಗಳನ್ನು ಓದಿಸಿ ಮದುವೆ ಮಾಡಿದ್ದೂ ಅದರಿಂದಲೇ. ಯಾರು ಏನು ತಂದರೂ ಮೊದಲು ಬೈಗುಳ, ಆಮೇಲೆ ಹೊಲಿಗೆ. ಪುಸ್ತಕ ತಗೊಂಡಿದ್ದು ಓದೋಕೋ ಹಾಸಿಕೊಂಡು ಮಲಗೋಕೋ ಎಂದು ಒಬ್ಬ ಪ್ರೊಫೆಸರರನ್ನೇ ಕೇಳಿದ್ದಳಂತೆ. ಮಹಡಿಯಲ್ಲಿರುವ ಮೈದುನನಿಗೂ ಆಕೆಗೂ ಮಾತಿಲ್ಲ. ಏನಾದರೂ ಹೇಳಲೇಬೇಕಾದರೆ ಅವನು ನೀರಿನ ಪಂಪನ್ನು ಬೈಯುತ್ತಾನೆ, ಈಕೆ ಮೆಟ್ಟಿಲನ್ನು.

ಪುಕ್ಕಟೆ ಕನೆಕ್ಷನ್ ಸಿಗುತ್ತದೆಂದು, ಅತ್ತಿಗೆಯ ಗೋಡೆಗೆ ನಮ್ಮ ಡಬ್ಬಿ ಬಡಿಯಲು ಒಪ್ಪಿದವನು ಈ ಮೈದುನನೇ. ಇಡೀ ಬೀದಿಯ ಕೇಬಲ್ಲು ಆ ಡಬ್ಬಿಗೆ ಬಂದು, ಅಲ್ಲಿಂದ ಮನೆಮನೆಗೆ ಕವಲೊಡೆಯುತ್ತಿತ್ತು. ಅದಕ್ಕಾಗಿ ಕೊರೆದ ತೂತಿನಿಂದ ಮಳೆಗಾಲವಿಡೀ ನೀರಿಳಿದು, ಗೋಡೆಗೆ ಬೂಸ್ಟು ಹಿಡಿದು, ಕಟ್ಟಲು ಬಂದಿದ್ದ ಗ್ರಂಥಾಲಯದ ಪುಸ್ತಕಗಳು ಉಬ್ಬಿ ಇಟ್ಟಿಗೆಯಂತಾಗಿದ್ದವು. ಇನ್ನೊಮ್ಮೆ ಹೀಗಾದರೆ ಕೆಲಸ ಬೇರೆಯವರಿಗೆ ಎಂದು ಗ್ರಂಥಾಲಯದವರು ಹೇಳಿಹೋಗಿದ್ದರು. ಆ ಕೆಲಸ ಹೋದರೆ ಆಕೆಯ ಒಲೆ ಹೊತ್ತುವುದಿಲ್ಲ. ದೂರು ಕೊಟ್ಟು ಕೊಟ್ಟು ಆಕೆಗೆ ಸಾಕಾಗಿತ್ತು. ಕೇಳಿ ಕೇಳಿ ಮ್ಯಾನೇಜರಿಗೆ ಮಾತ್ರ ಸಾಕಾಗಿರಲಿಲ್ಲ.

ನಾನು ಹೋದಾಗ ಆಕೆ ಮಡಿಸಿದ ಹಾಳೆಗಳನ್ನು ಸಂಖ್ಯೆ ನೋಡಿ ಜೋಡಿಸುತ್ತಿದ್ದಳು. ಡಬ್ಬಿ ತೆಗೆಯಲು ಸಾಧ್ಯವೇ ಇಲ್ಲ ಎಂಬ ಪಾಠವನ್ನು ಒಪ್ಪಿಸಿದೆ. ಅಂಥಾದ್ದೇನಿದೆ ಅದರೊಳಗೆ ಎಂದಳು. ಯಾರಾದರೂ ಪ್ರಶ್ನೆ ಕೇಳಿದರೆ ನನ್ನೊಳಗಿನ ಮೇಷ್ಟ್ರು ಎದ್ದು ಕೂರುತ್ತಾನೆ, ನನಗಿರುವ ರೋಗ ಅದು. ಫೋನಿನಲ್ಲಿ ಕಾಣುವ ಪುಟ ಫೋನಿನದ್ದಲ್ಲ, ಎಲ್ಲೋ ದೂರದ ಕಂಪ್ಯೂಟರಿನದ್ದು ಎಂದು ಶುರು ಮಾಡಿದೆ. ಫೋನು ಆ ಪುಟ ಕೊಡು ಎಂದು ಕೇಳುತ್ತದೆ. ಆ ಕಂಪ್ಯೂಟರು ಪುಟವನ್ನು ಚೂರು ಮಾಡಿ, ಪ್ರತಿ ಚೂರಿನ ಮೇಲೂ ಸಂಖ್ಯೆ, ವಿಳಾಸ ಹಾಕಿ ಕಳಿಸುತ್ತದೆ. ಅವು ಬೇರೆ ಬೇರೆ ದಾರಿ ಹಿಡಿದು ಬಂದರೂ ಫೋನು ಸಂಖ್ಯೆ ನೋಡಿ ಜೋಡಿಸಿಕೊಳ್ಳುತ್ತದೆ, ನಿಮ್ಮ ಹಾಗೆಯೇ ಎಂದೆ.

“ಮಧ್ಯ ಒಂದು ಚೂರು ಕಳೆದುಹೋದ್ರೆ?”

“ಬಂದಿದ್ದಕ್ಕೆಲ್ಲ ಫೋನು ‘ಬಂತು’ ಅನ್ನುತ್ತೆ ಅಮ್ಮ. ಅನ್ನದಿದ್ರೆ ಮತ್ತೆ ಕಳಿಸ್ತಾರೆ.”

“ನನ್ನ ದೂರು ಬಂತು ಅಂತ ನಿಮ್ಮ ಕಂಪನಿ ಒಂದ್ಸಲನಾದ್ರೂ ಹೇಳಿದ್ಯಾ? ಆ ಚೂರಿಗಿರೋ ಮರ್ಯಾದೆ ನಿಮಗಿಲ್ವಲ್ಲೋ.”

ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಮನೆಗೆ ಬೇಗ ಹೋಗುತ್ತಿದ್ದೆ. ಕಂಪನಿಯ ಮಾನ ಉಳಿಸಲು ಹೋಗಿ, ಇಂಟರ್ನೆಟ್ಟಿಗೆ ಸಾವೇ ಇಲ್ಲ, ಒಂದು ದಾರಿ ಕಡಿದರೆ ಚೂರುಗಳು ಇನ್ನೊಂದು ದಾರಿ ಹುಡುಕಿಕೊಳ್ಳುತ್ತವೆ ಎಂದು ಬಡಾಯಿ ಕೊಚ್ಚಿದೆ.

“ಎಲ್ಲಿ ಕಡಿದ್ರೂ?”

“ಎಲ್ಲಿ ಕಡಿದ್ರೂ.”

ಆಕೆ ರಟ್ಟು ಕತ್ತರಿಸುವ ಕತ್ತರಿ ತೆಗೆದುಕೊಂಡು ಹೊರಗೆ ಬಂದು, ಗೋಡೆಗೆ ಒರಗಿಸಿಟ್ಟಿದ್ದ ನನ್ನದೇ ಏಣಿ ಹತ್ತಿ, ಡಬ್ಬಿಗೆ ಬರುವ ಕೇಬಲ್ಲನ್ನು ಕತ್ತರಿಸಿದಳು.

“ಹುಡುಕಿಕೊಳ್ಳಲಿ,” ಎಂದಳು.

ನಾನು ಹೇಳಿದ್ದು ಸುಳ್ಳಲ್ಲ. ಊರೂರುಗಳ ನಡುವೆ ದಾರಿಗಳು ಬಲೆಯಂತೆ ಹೆಣೆದುಕೊಂಡಿವೆ. ಆದರೆ ಈ ಬೀದಿಯೊಳಕ್ಕೆ ಇದ್ದದ್ದು ಒಂದೇ ದಾರಿ, ಇನ್ನೊಂದನ್ನು ಎಳೆಯುವ ಗೋಜಿಗೆ ಕಂಪನಿ ಹೋಗಿರಲಿಲ್ಲ. ಒಂದೊಂದೇ ಬಾಗಿಲು ತೆರೆಯಿತು. ಒಬ್ಬರಿಗೆ ಮಗನ ಪರೀಕ್ಷೆ, ಇನ್ನೊಬ್ಬರಿಗೆ ಆಫೀಸಿನ ಮೀಟಿಂಗು. ಪೊಲೀಸರನ್ನು ಕರೆಸುತ್ತೇವೆ ಎಂದವರೂ ಇದ್ದರು. ಗೋಡೆಯ ಕಡೆ ಯಾರೂ ಕಣ್ಣೆತ್ತಲಿಲ್ಲ. ಮೈದುನನಂತೂ ಪಂಪನ್ನು ಮರೆತು ನೇರ ಅತ್ತಿಗೆಯನ್ನೇ ತರಾಟೆಗೆ ತೆಗೆದುಕೊಂಡ.

“ತಲೆ ಕೆಟ್ಟಿದ್ಯಾ ಅತ್ತಿಗೆ ನಿಂಗೆ?”

“ಕೆಟ್ಟಿರೋದು ಗೋಡೆ. ನೀನು ಮಾರಿಕೊಂಡೆಯಲ್ಲ, ಅದೇ ಗೋಡೆ.”

ಮ್ಯಾನೇಜರ್ ಫೋನಿನಲ್ಲಿ ನನ್ನ ವಂಶವನ್ನೆಲ್ಲ ನೆನೆದು, ಅಲ್ಲೇ ಜೋಡಿಸು ಎಂದ. ಆಕೆ ಸ್ಟೂಲು ತಂದು ಏಣಿಯ ಕೆಳಗೆ ಹಾಕಿಕೊಂಡು, ತೊಡೆಯ ಮೇಲೆ ಕತ್ತರಿ ಇಟ್ಟುಕೊಂಡು ಕೂತಿದ್ದಳು. ಜೋಡಿಸು, ಮತ್ತೆ ಕಡೀತೀನಿ, ಎಷ್ಟು ಸಲ ಬೇಕಾದರೂ, ಎಂದಳು. ಆ ಮಾತನ್ನು ಹಾಗೇ ಮ್ಯಾನೇಜರಿಗೆ ದಾಟಿಸಿದೆ. ಮಳೆಗಾಲವಿಡೀ ಸಾಧ್ಯವೇ ಇಲ್ಲದಿದ್ದ ಕೆಲಸ ತಕ್ಷಣ ಸಾಧ್ಯವಾಯಿತು: ಎದುರಿನ ಕಂಬಕ್ಕೆ ಹಾಕಿ ಸಾಯಿ ಎಂದ.

ಡಬ್ಬಿ ಕಂಬಕ್ಕೆ ಹೋಯಿತು, ಮೈದುನನ ಪುಕ್ಕಟೆ ಕನೆಕ್ಷನ್ನೂ ಹೋಯಿತು. ಇಂಟರ್ನೆಟ್ ಬಂದದ್ದೇ ತಡ, ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಬೈಂಡಿಂಗ್ ಅಮ್ಮನನ್ನು ಬೈಯಲು ಕೂತರು. ಜೋಡಿಸಿಕೊಟ್ಟ ನನಗೆ ಒಬ್ಬರೂ ಒಂದು ಥ್ಯಾಂಕ್ಸ್ ಹೇಳಲಿಲ್ಲ. ಹೊರಡೋಣವೆಂದು ಏಣಿ ಎತ್ತಿದೆ. ಆಕೆ ಅಡ್ಡ ನಿಂತು ತೂತು ತೋರಿಸಿದಳು. ಸಿಮೆಂಟು ಕಲಸಿ ಮುಚ್ಚಿದೆ. ಅಂಗೈ ಆಡಿಸಿ ನೋಡಿದಳು.

“ಇದನ್ನ ಮುಚ್ಚೋದು ಅಂತಾರಾ? ಕಿತ್ತು ಸರಿಯಾಗಿ ಹಾಕು.”

ಕಿತ್ತು ಸರಿಯಾಗಿ ಹಾಕಿದೆ. ಅದು ಒಣಗುವವರೆಗೂ ಆಕೆ ನನ್ನನ್ನು ಅಲ್ಲಿಂದ ಬಿಡಲಿಲ್ಲ.