ಅಣ್ಣನ ವರ್ಷದ ದಿನ ನಾವು ನಕ್ಕದ್ದು

ನನ್ನ ಅಣ್ಣ ಬನಹಟ್ಟಿಯಿಂದ ಚಿಮ್ಮಡಕ್ಕೆ ಆಟೋ ಓಡಿಸುತ್ತಿದ್ದ. ಬಸ್ಸು ಎದುರಿಗೇ ನಿಂತಿದ್ದರೂ ಅದನ್ನು ಬಿಟ್ಟು ಇವನ ಆಟೋ ತುಂಬುವುದನ್ನೇ ಕಾಯುವ ಜನರಿದ್ದರು. ಅದಕ್ಕೆ ಕಾರಣ ಅವನ ಬಾಯಿ. ಪವರ್‌ಲೂಮ್ ಸದ್ದನ್ನು ನಾಲಿಗೆಯಲ್ಲೇ ಹುಟ್ಟಿಸುತ್ತಿದ್ದ. ಹಳೆಯ ಮಗ್ಗ ಹೇಗೆ ಕೆಮ್ಮುತ್ತದೆ, ಹೊಸದು ಹೇಗೆ ಸೊಕ್ಕಿನಿಂದ ಓಡುತ್ತದೆ, ಕರೆಂಟು ಹೋದಾಗ ಮಾಲೀಕ ಹೇಗೆ ಉಸಿರು ಬಿಡುತ್ತಾನೆ ಎಂದು ಮಾಡಿ ತೋರಿಸುತ್ತಿದ್ದ. ಇಳಿಯುವ ಊರು ಬಂದರೂ ಹೆಂಗಸರು, "ಇರೋ ತಮ್ಮಾ, ಅದನ್ನ ಮುಗಿಸೇ ಬಿಡು" ಅನ್ನುತ್ತಿದ್ದರು.

ನಮ್ಮದು ಕುರಿ ಕಾಯುವ ಮನೆತನ, ಬೀರೇಶ್ವರನ ಒಕ್ಕಲು. ಅಪ್ಪನ ಕಾಲಕ್ಕೆ ಹಿಂಡು ಕರಗಿ ಬಂದಿತ್ತು. ಚಿಮ್ಮಡದ ರಸ್ತೆಗೆ ಹತ್ತಿದ ಹೊಲದಲ್ಲಿ ಕಬ್ಬು ಹಚ್ಚಿ ಅಲ್ಲೇ ಮನೆ ಕಟ್ಟಿಕೊಂಡಿದ್ದರು. ನಾನು ಓದಿ ಮುಧೋಳದಲ್ಲಿ ಸಾಲಿಯ ಟೀಚರ್ ಆದೆ. ಅಣ್ಣನಿಗೆ ಓದು ಹತ್ತಲಿಲ್ಲ, ಡೊಳ್ಳು ಹತ್ತಿತು. ಡೊಳ್ಳಿನ ಹಾಡಿನ ಮೇಳದಲ್ಲಿ ಎದುರು ಮೇಳದವರು ಹಾಕಿದ ಸವಾಲಿಗೆ ನಿಂತ ಕಾಲ ಮೇಲೆ ಪದ ಕಟ್ಟುತ್ತಿದ್ದ. ನಾನು ಮೊದಲ ಸಂಬಳದಲ್ಲಿ ತಂದ ಸೀರೆಯ ಮೇಲೂ ಒಂದು ಪದ ಕಟ್ಟಿದ್ದ. ಅದರಲ್ಲಿ ಸೀರೆಯ ಬಣ್ಣ ಅವ್ವನ ಬದನೆಕಾಯಿ ಪಲ್ಯದ್ದು ಎಂಬ ಸಾಲು ಬರುತ್ತಿತ್ತು. ನಾನು ಆ ಸೀರೆ ಉಟ್ಟಾಗಲೆಲ್ಲ ವೈನಿ, ಅಂದರೆ ಅಣ್ಣನ ಹೆಂಡತಿ, ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಒಂದು ಕಬ್ಬಿನ ಹಂಗಾಮಿನಲ್ಲಿ, ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಅಣ್ಣನ ಆಟೋ ಕಾಲುವೆಯ ಪಕ್ಕಕ್ಕೆ ಉರುಳಿತು. ಆಟೋದಲ್ಲಿ ಅವನೊಬ್ಬನೇ ಇದ್ದ. ಬೆನ್ನಿಗೆ ಪೆಟ್ಟಾಯಿತು. ನೋವು ತಡೆಯಲಾರದೆ ಒಬ್ಬನ ಹತ್ತಿರ ಇಂಜೆಕ್ಷನ್ ತೆಗೆದುಕೊಳ್ಳತೊಡಗಿದ. ಮೊದಲು ನೋವಿಗೆ ಬೇಕಾಗಿತ್ತು, ಆಮೇಲೆ ನೋವಿಲ್ಲದಾಗಲೂ ಬೇಕಾಯಿತು. ತೋಳಿನ ಗುರುತು ಮೊದಲು ಕಂಡದ್ದು ವೈನಿಗೆ. ಅಪ್ಪ ಅವನನ್ನು ಚಟ ಬಿಡಿಸುವ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಅವನು ಅಲ್ಲಿರುವ ತನಕ ತಾವೂ ಅದೇ ಊರಲ್ಲಿ ಉಳಿದರು. ಅಣ್ಣ ಮೈತುಂಬಿ ಮರಳಿದ. "ಇನ್ನ ಆಟೋಕ್ಕ ನನ್ನ ಭಾರಾನ ಸಾಕು, ಪ್ಯಾಸೆಂಜರ್ ಬ್ಯಾಡ" ಎಂದು ಹೊಟ್ಟೆ ಬಡಿದುಕೊಂಡು ನಕ್ಕ. ಕೆಲವು ತಿಂಗಳು ನಮ್ಮ ಹಳೆಯ ಅಣ್ಣ ನಮಗೆ ಸಿಕ್ಕಿದ್ದ. ಅದೇಕೆ ಮತ್ತೆ ಶುರುವಾಯಿತೋ ನಮಗ್ಯಾರಿಗೂ ತಿಳಿಯಲಿಲ್ಲ. ಒಂದು ಮಧ್ಯಾಹ್ನ ಆಟೋದಲ್ಲೇ ಮಲಗಿದ್ದಾನೆಂದುಕೊಂಡು ವೈನಿ ಊಟಕ್ಕೆ ಎಬ್ಬಿಸಲು ಹೋದಳು. ಅವನು ಏಳಲಿಲ್ಲ.

ಎದೆ ನಿಂತಿತು ಎಂದು ಊರಿಗೆ ಹೇಳಿದೆವು. ಸುಳ್ಳೇನೂ ಅಲ್ಲ, ಎಲ್ಲರ ಎದೆಯೂ ಕೊನೆಗೆ ನಿಲ್ಲುವುದೇ. ಆದರೆ ಆ ಒಂದು ಮಾತನ್ನು ಕಾಯಲು ಉಳಿದ ಮಾತನ್ನೆಲ್ಲ ಬಿಡಬೇಕಾಯಿತು. ಅವನು ಹೇಗೆ ಹೋದ ಎಂಬುದು ಬಾಯಿಗೆ ಬಂದೀತೆಂಬ ಅಂಜಿಕೆಗೆ ಅವನು ಹೇಗಿದ್ದ ಎಂಬುದನ್ನೂ ಆಡಲಿಲ್ಲ. ನಾನು ರಜೆಗೆ ಮನೆಗೆ ಬಂದರೆ ತಾಟು ಇಡುವ ಸದ್ದು, ನೀರು ಸುರಿಯುವ ಸದ್ದು, ಅಷ್ಟೇ. ಅವನ ಮಗಳು, ಆಗಿನ್ನೂ ಚಿಕ್ಕವಳು, ಅಪ್ಪನಂತೆ ಮಗ್ಗದ ಸದ್ದು ಮಾಡಲು ಹೋಗಿ ನಮ್ಮ ಮುಖ ನೋಡಿ ಸುಮ್ಮನಾಗುತ್ತಿದ್ದಳು.

ವರ್ಷದ ದಿನ ಬಂತು. ಅವ್ವ ಗೋಧಿ ಹುಗ್ಗಿ ಮಾಡಿದಳು. ಲೋಕಾಪುರದಿಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬಂದಿದ್ದಳು. ಆಟೋ ಸ್ಟ್ಯಾಂಡಿನ ಗೆಳೆಯರು, ದಿನಾ ಅವನ ಆಟೋಕ್ಕೆ ಹತ್ತುತ್ತಿದ್ದ ನಾಲ್ಕಾರು ಹೆಂಗಸರೂ ಬಂದಿದ್ದರು. ಪೂಜೆ ಮುಗಿದು ಪಡಸಾಲೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದೆವು. ಇದ್ದಕ್ಕಿದ್ದಂತೆ ಅಣ್ಣನ ಜೀವದ ಗೆಳೆಯ, ಅವನೂ ಆಟೋದವನೇ, ತುತ್ತು ಬಾಯಲ್ಲಿರುವಾಗಲೇ ಫುಸ್ಸೆಂದು ನಕ್ಕುಬಿಟ್ಟ. ತಡೆಯಲು ನೋಡಿದ. ಆಗದೆ ಹೆಗಲು ಕುಣಿಯತೊಡಗಿತು.

ಅಪ್ಪ ಕೈ ನಿಲ್ಲಿಸಿ ಅವನನ್ನೇ ನೋಡಿದರು. "ಉಣ್ಣೂ ಮನಿಯಾಗ ನಗತಾರೇನೋ? ಅದೂ ಇಂಥಾ ದಿನ?"

"ತಪ್ಪಾತ್ರಿ ಕಾಕಾ" ಎಂದು ಅವನು ಏಳಲು ಹೋದ.

ಅವ್ವ ಹುಗ್ಗಿಯ ಪಾತ್ರೆ ಹಿಡಿದು ಅವನೆದುರೇ ನಿಂತಿದ್ದಳು. "ಕುಂಡ್ರು. ಏನ್ ನೆನಪಾತು, ಹೇಳು."

"ಏನಿಲ್ಲಬೇ ಯವ್ವಾ…"

"ಅವನದ ನೆನಪಾತಿಲ್ಲೋ? ಹೇಳು. ಒಂದ ವರ್ಷ ಆತು ಅವನ ಸುದ್ದಿ ಈ ಮನ್ಯಾಗ ಕೇಳಿ."

ಅವನು ಅಪ್ಪನ ಕಡೆ ಅಂಜುತ್ತ ನೋಡಿ ಶುರುಮಾಡಿದ. ಥಂಡಿಯ ದಿನ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಒಬ್ಬ ಮುದುಕಿ ಸಂತೆಗೆಂದು ದೊಡ್ಡ ಗಡ್ಡದ ಹೋತ ತಂದಿದ್ದಳು. ಅಣ್ಣ ಅದನ್ನು ಸೀಟಿನ ಮೇಲೆ ಮುದುಕಿಯ ಪಕ್ಕಕ್ಕೆ ಕೂರಿಸಿ, ನಡುಗುತ್ತಿದೆ ಎಂದು ತನ್ನ ಶಾಲು ಹೊದಿಸಿ, ಕಿವಿಗೆ ಮಫ್ಲರ್ ಸುತ್ತಿದ. ಬನಹಟ್ಟಿ ಹತ್ತಿರ ಪೊಲೀಸ್ ಕೈ ಮಾಡಿದ. ಮಂಜಿನಲ್ಲಿ ಬಗ್ಗಿ ನೋಡಿ, "ಏ, ಆ ಮುದುಕನ್ನ ಒಳಗ ಸರಸೋ. ಗಡ್ಡ ಹೊರಗ ಬಂದೈತಿ. ಯಾವುದಾರ ಗಾಡಿ ಬಡೀತಂದ್ರ?" ಅಂದ.

"ಸರಸಿದ್ನಿರಿ ಸಾಹೇಬ್ರ, ಕೇಳೂದಿಲ್ರಿ. ಅಜ್ಜ ಭಾಳ ಹಟಮಾರಿ" ಅಂದ ಅಣ್ಣ.

"ಏನ್ ಅಜ್ಜಾ, ಹಿಂಗ್ಯಾಕ?" ಎಂದು ಪೊಲೀಸ್ ಹೆಗಲ ಮೇಲೆ ಕೈ ಇಟ್ಟ. ಅಜ್ಜ ಮುಖ ತಿರುಗಿಸಿ "ಮ್ಯಾ" ಅಂದಿತು.

ಮೊದಲು ನಕ್ಕವಳು ಅವ್ವ. ಪಾತ್ರೆ ಕೆಳಗಿಟ್ಟು, ಗೋಡೆ ಹಿಡಿದುಕೊಂಡು, ಹಲ್ಲೆಲ್ಲ ಕಾಣುವಂತೆ ನಕ್ಕಳು. ಒಂದು ವರ್ಷ ಕಟ್ಟಿಟ್ಟದ್ದು ಕಿತ್ತುಕೊಂಡು ಬಂದಂತಿತ್ತು. ನಾವೆಲ್ಲ ನಕ್ಕೆವು. ನಗುತ್ತಲೇ ದೊಡ್ಡವ್ವ ಕಣ್ಣೊರೆಸಿಕೊಂಡು, "ಎಂಥಾ ಹುಡುಗ! ಅಷ್ಟ ಸಣ್ಣ ವಯಸ್ಸಿಗೆ ಎದಿ ನಿಂತತಂದ್ರ ದೇವರಿಗೆ ಕಣ್ಣಿಲ್ಲ" ಅಂದಳು.

ಅವ್ವ ನಗು ನಿಲ್ಲಿಸಿದಳು. "ಎದಿ ಅಲ್ಲ ಯಕ್ಕಾ. ಸೂಜಿ ಚುಚಗೊಂಡ ಸತ್ತ ನನ್ನ ಮಗ. ನಾವು ಮುಚ್ಚಿಟ್ಟಿದ್ವಿ. ಸಾಯೂದ ಒಂದ ದಿನದ್ದು. ಬದುಕಿದ್ದು ಇಷ್ಟು ವರ್ಷ. ಆ ಒಂದ ದಿನ ಮುಚ್ಚಾಕ ಹೋಗಿ ಅವನ್ನ ಪೂರ್ತಿ ಮುಚ್ಚಿಬಿಟ್ವಿ."

ಗೆಳೆಯ ಮೆಲ್ಲಗೆ, "ನಮಗ ಗೊತ್ತಿತ್ತು ಯವ್ವಾ. ನೀವು ಹೇಳಲಿಲ್ಲಂತ ನಾವೂ ಅನಲಿಲ್ಲ" ಅಂದ. ಅಪ್ಪ ಏನಾದರೂ ಅಂದಾರೆಂದು ನಾನು ಅವರ ಕಡೆ ನೋಡಿದೆ. ಅವರು ಗೆಳೆಯನ ಕಡೆ ಕೈ ಮಾಡಿ, "ಅವನ ತಾಟಿಗಿ ತುಪ್ಪ ನೀಡು" ಎಂದು ಅವ್ವನಿಗೆ ಅಂದರು. ಅಷ್ಟೇ.

ಆಗ ವೈನಿ ಅಡುಗೆಮನೆಯ ಬಾಗಿಲಿಂದ ಬಾಯಿ ತೆರೆದಳು. ಅಣ್ಣ ಅವಳನ್ನು ನೋಡಲು ಹೋದ ದಿನ ಹಿರಿಯರು, ಹಾಡು ಬರುತ್ತದೇನು, ರೊಟ್ಟಿ ಬಡಿಯುತ್ತೀಯೇನು, ಸ್ವಲ್ಪ ನಡೆದು ತೋರಿಸು ಎಂದರಂತೆ. ಅವಳು ನಡೆದು ತೋರಿಸಿ ಕೂತಳು. ಅಣ್ಣ ಎದ್ದು ನಿಂತು, "ಬರೇ ಅಕಿನ್ನಷ್ಟ ನೋಡಿದ್ರ ಹೆಂಗ್ರಿ? ನನ್ನ ಕಾಲೂ ನೋಡಿಬಿಡ್ರಿ" ಎಂದು ಪಡಸಾಲೆಯ ಆ ಕಡೆಯಿಂದ ಈ ಕಡೆಗೆ ನಡೆದು, ತಿರುಗಿ ನಿಂತು, "ರೊಟ್ಟಿ ಬರೂದಿಲ್ಲ, ಚಾ ಮಾಡ್ತೇನಿ" ಅಂದನಂತೆ. "ಖರೇನ ದಿನಾ ಮುಂಜಾನಿ ಚಾ ಅವ್ರ ಮಾಡ್ತಿದ್ರು" ಎಂದು ವೈನಿ ನಕ್ಕು, ಅತ್ತು, ಮತ್ತೆ ನಕ್ಕಳು. ಮಗಳು ಎದ್ದು ಅಪ್ಪ ನಡೆದದ್ದನ್ನು ತಾನೇ ನಡೆದು ತೋರಿಸಿದಳು.

ಹೊರಡುವ ಹೊತ್ತಿಗೆ ಮಗ್ಗಕ್ಕೆ ನೂಲು ಸುತ್ತುವ ಕೆಲಸದ ಹೆಂಗಸೊಬ್ಬಳು ಅವ್ವನ ಕೈ ಹಿಡಿದು ಬಿಡಲೊಲ್ಲಳು. "ನನ್ನ ಮಗಾನೂ ಏನೇನೋ ಗುಳಗಿ ನುಂಗಾಕತ್ತಾನ ಯಕ್ಕಾ. ಯಾರ ಮುಂದೂ ಹೇಳಿಲ್ಲ" ಅಂದಳು. ಅವ್ವ ವೈನಿಯನ್ನು ಕರೆದಳು. ಮರುವಾರ ವೈನಿ, ಆ ತಾಯಿ, ಮೀಸೆ ಬಂದ ಆ ಮಗ ಮೂವರೂ ಬಸ್ಸು ಹತ್ತಿ ಅಣ್ಣನನ್ನು ಸೇರಿಸಿದ್ದ ಆ ಕೇಂದ್ರಕ್ಕೆ ಹೋದರು. ಅವನಿಗೆ ವಾಸಿಯಾಗಲು ಬಹಳ ಕಾಲ ಹಿಡಿಯಿತು, ನಡುವೆ ಒಮ್ಮೆ ಜಾರಿದ, ಮತ್ತೆ ಹೋದ. ಈಗ ರಬಕವಿಯಲ್ಲಿ ಹೆಂಡತಿ ಜೊತೆ ಮಗ್ಗ ನಡೆಸುತ್ತಾನೆ. ನಮ್ಮ ಮನೆಗೆ ಬಂದರೆ ಅವ್ವ ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿ ಬೈಯುತ್ತಾಳೆ.

ಅಂದಿನಿಂದ ವರ್ಷದ ದಿನ ಬಂದವರೆಲ್ಲ ಅಣ್ಣನ ಒಂದಾದರೂ ಸುದ್ದಿ ಹೇಳಲೇಬೇಕು. ಹಳೆಯದನ್ನೇ ಹೇಳಿದರೆ ಅವ್ವ ಒಪ್ಪುವುದಿಲ್ಲ. ಕೆಲವರು ಕಟ್ಟಿಕೊಂಡು ಬರುತ್ತಾರೆಂದು ನನಗೆ ಗುಮಾನಿ, ಆದರೂ ಬಿಡುತ್ತೇವೆ. ಅಪ್ಪ ಮಾತ್ರ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಅವರನ್ನು ಯಾರೂ ಒತ್ತಾಯಿಸಲಿಲ್ಲ. ಹೀಗೆ ಕೆಲವು ವರ್ಷ ಕಳೆದ ಮೇಲೆ, ಒಂದು ಸಲ ಎಲ್ಲರ ಸುದ್ದಿ ಮುಗಿದು ಎಲೆ-ಅಡಿಕೆ ಹಂಚುವಾಗ, "ನಂದೂ ಒಂದ ಐತಿ" ಅಂದರು.

ಅಣ್ಣ ಹೊಸದಾಗಿ ಆಟೋ ತಂದಾಗ ಅಪ್ಪನನ್ನು ಕೂರಿಸಿಕೊಂಡು ಜಮಖಂಡಿಗೆ ಹೋಗಿದ್ದ. ಬರುವಾಗ ಅಪ್ಪನಿಗೆ ನಿದ್ದೆ ಹತ್ತಿತು. ತಲೆಗೆ ರುಮಾಲು, ಹೆಗಲಿಗೆ ಕಂಬಳಿ, ಹಣೆ ತುಂಬ ಬೀರೇಶ್ವರನ ಭಂಡಾರದ ಅರಿಶಿನ. ದಾರಿಯಲ್ಲಿ ಜನ ಹತ್ತಿದರು. ಎಚ್ಚರವಾದಾಗ ನೋಡಿದರೆ ತೊಡೆಯ ಮೇಲೆ ತೆಂಗಿನಕಾಯಿ, ಬಾಳೆಹಣ್ಣು, ಕಾಲಿಗೆ ಬಿದ್ದ ಇಬ್ಬರು ಹೆಂಗಸರು. ಮುಂದಿನಿಂದ ಮಗನ ದನಿ: "ಮೌನದಾಗ ಅದಾರಬೇ. ಮಾತಾಡಸಬ್ಯಾಡ್ರಿ, ಬರೇ ಆಶೀರ್ವಾದ ತಗೋರಿ."

"ಅಯ್ಯ, ಮುಂದ ನೀವೇನ್ ಮಾಡಿದ್ರಿ?" ಅವ್ವ ಕೇಳಿದಳು.

ಅಪ್ಪ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರ್ಧ ಮುಚ್ಚಿ, ಬಲಗೈ ಎತ್ತಿ ನಮ್ಮೆಲ್ಲರನ್ನೂ ಹರಸಿದರು. "ಹಿಂಗ ಮಾಡಿದೆ. ಮತ್ತೇನ್ ಮಾಡ್ಲಿ? ಮಗನ ಮರ್ಯಾದಿ."

ಮನೆ ಬಿದ್ದುಹೋಗುವಂತೆ ನಕ್ಕೆವು. ಅವ್ವ ಮಾತ್ರ ಸೊಂಟದ ಮೇಲೆ ಕೈ ಇಟ್ಟು ಕೇಳಿದಳು: "ಮತ್ತ ಆ ಬಾಳೆಹಣ್ಣ? ಮನಿಗಿ ಒಂದೂ ಬರಲಿಲ್ಲಲ್ರಿ!"

"ದಾರ್ಯಾಗ ತಿಂದ್ವಿ," ಅಂದರು ಅಪ್ಪ, "ಇಬ್ಬರೂ."